ಅರ್ಹತೆ ಮತ್ತು ಸೇವೆ: ಅಮೆರಿಕದ ನೌಕಾ ಸ್ಫೋಟಕ ದಳಗಳು, 1943–1944

ನೌಕಾಪಡೆಗಳ ವಿಶೇಷ ದಳಗಳನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಪ್ರವೇಶ ಪರೀಕ್ಷೆಯ ಕಾಠಿಣ್ಯವನ್ನೇ ಮೊದಲು ವರ್ಣಿಸುತ್ತಾರೆ. ಪರೀಕ್ಷೆಯು ವೀರರನ್ನು ಆರಿಸಿತು, ಆ ವೀರರು ಯುದ್ಧವನ್ನು ಗೆದ್ದರು ಎಂಬುದು ಇಂಥ ವರ್ಣನೆಗಳ ಸಾರ. ಅಮೆರಿಕದ ‘ಸೀಲ್’ ದಳಕ್ಕೆ ಮೂಲವಾದ ಸ್ಫೋಟಕ ದಳಗಳ ಚರಿತ್ರೆಯನ್ನು ಪರಿಶೀಲಿಸಿದರೆ ಈ ಕ್ರಮವು ತಿರುಗುಮುರುಗಾಗಿ ತೋರುತ್ತದೆ. ಅಲ್ಲಿ ಅರ್ಹತೆಯು ಸೇವೆಯನ್ನು ರೂಪಿಸಿದುದಕ್ಕಿಂತ ಸೇವೆಯೇ ಅರ್ಹತೆಯನ್ನು ರೂಪಿಸಿದುದು ಹೆಚ್ಚು.

ಈ ದಳಗಳ ಶಿಕ್ಷಣಕ್ಕೆ ಅಡಿಗಲ್ಲಿಟ್ಟವನು ಡ್ರೇಪರ್ ಕಾಫ್‌ಮನ್. ಈತನೇ ಒಮ್ಮೆ ಅನರ್ಹನೆನಿಸಿಕೊಂಡವನೆಂಬುದು ಗಮನಾರ್ಹ. 1933ರಲ್ಲಿ ನೌಕಾ ವಿದ್ಯಾಲಯದಿಂದ ತೇರ್ಗಡೆಯಾದರೂ ದೃಷ್ಟಿಮಾಂದ್ಯದ ಕಾರಣ ಈತನಿಗೆ ಅಧಿಕಾರಿಯ ಪದವಿ ದೊರೆಯಲಿಲ್ಲ. 1940ರಲ್ಲಿ ಫ್ರಾನ್ಸಿನಲ್ಲಿ ಗಾಯಾಳುಗಳ ವಾಹನವನ್ನು ನಡೆಸುತ್ತಿದ್ದಾಗ ಜರ್ಮನರಿಗೆ ಸೆರೆಸಿಕ್ಕಿದನು. ಬಿಡುಗಡೆಯ ತರುವಾಯ ಬ್ರಿಟಿಷ್ ನೌಕಾಪಡೆಯನ್ನು ಸೇರಿ, ಸಿಡಿಯದೆ ಉಳಿದ ಬಾಂಬುಗಳನ್ನು ನಿಷ್ಕ್ರಿಯಗೊಳಿಸುವ ಕೆಲಸದಲ್ಲಿ ಪಳಗಿದನು. ಆ ಅನುಭವವೇ ಮುಂದೆ ಅವನನ್ನು ಸ್ವದೇಶದ ನೌಕಾಪಡೆಗೆ ಬೇಕಾದವನನ್ನಾಗಿ ಮಾಡಿತು.

1943ರ ಜೂನ್ ತಿಂಗಳಲ್ಲಿ ಫ್ಲಾರಿಡಾದ ಫೋರ್ಟ್ ಪಿಯರ್ಸ್‌ನಲ್ಲಿ ಶಿಕ್ಷಣ ಶಾಲೆ ಆರಂಭವಾಯಿತು. ಶತ್ರುಗಳು ಕಡಲತೀರದಲ್ಲಿ ನೆಟ್ಟ ಉಕ್ಕಿನ ಹಾಗೂ ಕಾಂಕ್ರೀಟಿನ ತಡೆಗಳನ್ನು ಸಿಡಿಮದ್ದಿನಿಂದ ಒಡೆಯುವವರನ್ನು ಸಿದ್ಧಪಡಿಸುವುದು ಅದರ ಉದ್ದೇಶ. ನೌಕಾಪಡೆಯ ನಿರ್ಮಾಣ ವಿಭಾಗದಿಂದ ಅನೇಕರು ಸ್ವಇಚ್ಛೆಯಿಂದ ಬಂದರು. ಅಲ್ಲಿಯೇ ಇದ್ದ ಗೂಢಚಾರ ದಳದ ಎಂಟು ವಾರಗಳ ದೇಹಶಿಕ್ಷಣವನ್ನು ಕಾಫ್‌ಮನ್ ಒಂದೇ ವಾರಕ್ಕೆ ಇಳಿಸಿ, ಅದನ್ನು ಶಿಕ್ಷಣದ ಮೊದಲಲ್ಲಿಯೇ ಇಟ್ಟನು. ಇದೇ ಪ್ರಸಿದ್ಧವಾದ ‘ನರಕವಾರ’. ಅಧಿಕಾರಿಗಳೂ ಸಾಮಾನ್ಯ ನಾವಿಕರೂ ಒಂದೇ ಕೆಸರಿನಲ್ಲಿ ಒಂದೇ ನಿಯಮಕ್ಕೆ ಒಳಪಟ್ಟರು. ಕಾಫ್‌ಮನ್ ತಾನೂ ಆ ವಾರವನ್ನು ಅನುಭವಿಸಿದನು. ಆದರೆ ಈ ಘಟ್ಟದಲ್ಲಿ ಈಜಿಗೆ ವಿಶೇಷ ಪ್ರಾಧಾನ್ಯವಿರಲಿಲ್ಲ. ಉಡುಪು, ಬೂಟು, ಶಿರಸ್ತ್ರಾಣಗಳೊಡನೆ ದೋಣಿಯ ಸಮೀಪದಲ್ಲಿಯೇ ಕೆಲಸ ಮಾಡಬೇಕೆಂಬುದು ಅಂದಿನ ಕಲ್ಪನೆ.

ಈ ಕಲ್ಪನೆಯನ್ನು ಬದಲಿಸಿದುದು ಶಾಂತಸಾಗರದ ಹವಳದ ದಿಬ್ಬಗಳು. 1943ರ ನವೆಂಬರ್ 20ರಂದು ತರಾವದಲ್ಲಿ ನಿರೀಕ್ಷಿಸಿದಷ್ಟು ಉಬ್ಬರ ಬರಲಿಲ್ಲ. ದೋಣಿಗಳು ದಿಬ್ಬಕ್ಕೆ ತಗುಲಿ ನಿಂತವು; ಸೈನಿಕರು ಗುಂಡಿನ ಮಳೆಯಲ್ಲಿ ನೂರಾರು ಗಜ ನೀರಿನಲ್ಲಿ ನಡೆಯಬೇಕಾಯಿತು. ಮೂರು ದಿನಗಳಲ್ಲಿ ಅಮೆರಿಕದ ಸುಮಾರು 1,000 ಮಂದಿ ಮಡಿದರು. ನೀರಿನ ಆಳವನ್ನು ಮೊದಲೇ ಅಳೆದು ತಿಳಿಸುವವರ ಅಗತ್ಯ ಆಗ ಸ್ಪಷ್ಟವಾಯಿತು. 1944ರ ಜನವರಿ 31ರಂದು ಕ್ವಾಜಲೀನ್‌ನಲ್ಲಿ ಇಬ್ಬರು ನಿಯಮವನ್ನು ಮೀರಿ ಉಡುಪನ್ನು ಕಳಚಿ, ಈಜಿಕೊಂಡು ಹೋಗಿ ದಿಬ್ಬವನ್ನು ಕಂಡುಬಂದರು. ಅಂದಿನಿಂದ ಈಜು ಮುಖ್ಯ ಅರ್ಹತೆಯಾಯಿತು. ಅದೇ ವರ್ಷದ ಜೂನ್ 14ರಂದು ಸೈಪಾನ್‌ನಲ್ಲಿ ಕಾಫ್‌ಮನ್ನನ ತಂಡದವರು ಹಗಲಿನಲ್ಲಿಯೇ ಈಜಿ, ಗುರುತು ಹಾಕಿದ ಹುರಿಯಿಂದ ದೂರವನ್ನೂ ತಮ್ಮ ಮೈಮೇಲೆ ಬಳಿದ ಗೆರೆಗಳಿಂದ ಆಳವನ್ನೂ ಅಳೆದರು. ದೇಹವೇ ಅಳತೆಗೋಲಾಯಿತು.

ಅದಕ್ಕೆ ಎಂಟು ದಿನ ಮೊದಲು, ಜೂನ್ 6ರಂದು, ನಾರ್ಮಂಡಿಯ ಒಮಾಹಾ ತೀರದಲ್ಲಿ ಫೋರ್ಟ್ ಪಿಯರ್ಸ್‌ನ ಶಿಕ್ಷಣವು ಬೇರೊಂದು ಪರೀಕ್ಷೆಗೆ ಒಳಗಾಗಿತ್ತು. ತಡೆಗಳ ನಡುವೆ 16 ದಾರಿಗಳನ್ನು ತೆರೆಯಬೇಕಾಗಿತ್ತು. ಮೊದಲ ಗಂಟೆಗಳಲ್ಲಿ ಅರ್ಧದಷ್ಟೂ ಪೂರ್ಣವಾಗಿ ತೆರೆಯಲಿಲ್ಲ. ಅಲ್ಲಿದ್ದ 175 ಮಂದಿ ನೌಕಾಸ್ಫೋಟಕರಲ್ಲಿ 31 ಮಂದಿ ಸತ್ತು 60 ಮಂದಿ ಗಾಯಗೊಂಡರು. ನರಕವಾರವನ್ನು ದಾಟಿದವರು ಓಡಿಹೋಗಲಿಲ್ಲ, ನಿಜ. ಆದರೆ ಸಹನಶಕ್ತಿಯು ಕೆಲಸವನ್ನು ಬಿಡದಂತೆ ಮಾಡಬಲ್ಲದೇ ಹೊರತು ಗುಂಡನ್ನು ತಡೆಯಲಾರದು.

1962ರಲ್ಲಿ ಸೀಲ್ ದಳಗಳು ಹುಟ್ಟಿದವು. 1983ರಲ್ಲಿ ಹಳೆಯ ಜಲಾಂತರ ಸ್ಫೋಟಕ ತಂಡಗಳನ್ನು ಅವುಗಳ ವ್ಯವಸ್ಥೆಯಲ್ಲಿ ಸೇರಿಸಲಾಯಿತು. ನರಕವಾರ ಮಾತ್ರ ಉಳಿದುಬಂದಿತು. 2022ರ ಫೆಬ್ರವರಿಯಲ್ಲಿ ಅದನ್ನು ಮುಗಿಸಿದ ಕೆಲವೇ ಗಂಟೆಗಳಲ್ಲಿ ಅಭ್ಯರ್ಥಿಯೊಬ್ಬನು ಮರಣ ಹೊಂದಿದನು. ವೈದ್ಯಕೀಯ ಮೇಲ್ವಿಚಾರಣೆಯ ಲೋಪಗಳನ್ನು ನೌಕಾಪಡೆಯ ವಿಚಾರಣೆಯೇ ಎತ್ತಿ ತೋರಿಸಿತು. ಪರೀಕ್ಷೆಯು ಯಾವ ಕೆಲಸಕ್ಕಾಗಿ ಹುಟ್ಟಿತೆಂಬುದನ್ನು ಮರೆತಾಗ ಕಾಠಿಣ್ಯವೇ ಗುರಿಯಾಗುವ ಅಪಾಯವುಂಟು. ಸಮರ್ಥನಾದ ಅಧಿಕಾರಿಯೊಬ್ಬನನ್ನು ಕನ್ನಡಕದ ಕಾರಣದಿಂದ ಕೈಬಿಟ್ಟಿದ್ದುದೂ ಅರ್ಹತೆಯ ನಿಯಮವೇ ಎಂಬುದನ್ನು ಚರಿತ್ರೆಯ ವಿದ್ಯಾರ್ಥಿಯು ಮರೆಯಬಾರದು.