ಒಣಭೂಮಿಯಲ್ಲಿ ಬಹುವಾರ್ಷಿಕ ಹಣ್ಣಿನ ಬೆಳೆಗಳು: ಮೊದಲ ಎರಡು ಬೇಸಿಗೆಗಳ ನಿರ್ವಹಣೆ

ವಿಜಯಪುರ, ಬಾಗಲಕೋಟೆ, ಕೊಪ್ಪಳ, ರಾಯಚೂರು ಜಿಲ್ಲೆಗಳಲ್ಲಿ ಮಳೆ ಅನಿಶ್ಚಿತ. ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ಸಾಮಾನ್ಯ. ಹಂಗಾಮಿನ ಬೆಳೆ ಕೈಕೊಟ್ಟ ವರ್ಷವೂ ಆಳಕ್ಕೆ ಬೇರು ಬಿಟ್ಟ ಮರ ಕುಟುಂಬಕ್ಕೆ ಆಸರೆಯಾಗಬಲ್ಲದು. ಆದರೆ ಸಸಿಯ ಅಳಿವು ಉಳಿವು ಬಹುತೇಕ ಮೊದಲ ಎರಡು ಬೇಸಿಗೆಗಳಲ್ಲೇ ನಿರ್ಧಾರವಾಗುತ್ತದೆ.

ಬೆಳೆಯ ಆಯ್ಕೆ
ಬಾರೆ ಮತ್ತು ಸೀತಾಫಲ ಬೇಸಿಗೆಯಲ್ಲಿ ಎಲೆ ಉದುರಿಸಿ ನೀರಿನ ವ್ಯಯವನ್ನು ತಗ್ಗಿಸಿಕೊಳ್ಳುತ್ತವೆ. ಕಲ್ಲುಮಿಶ್ರಿತ ಕೆಂಪು ಮಣ್ಣಿಗೆ ಸೀತಾಫಲ ಸೂಕ್ತ. ನೀರು ನಿಲ್ಲುವ ಭೂಮಿಯಲ್ಲಿ ಇದನ್ನು ನೆಡಬಾರದು. ಕಪ್ಪು ಮಣ್ಣಿಗೂ ಬಾರೆ ಹೊಂದಿಕೊಳ್ಳುತ್ತದೆ. ಹುಣಸೆಯನ್ನು ಹೊಲದ ಬದುವಿನಲ್ಲಿ ಬೆಳೆಸಬಹುದು.

ಎಷ್ಟು ಸಸಿ ನೆಡಬೇಕು?
ಭೂಮಿಯ ವಿಸ್ತೀರ್ಣಕ್ಕಿಂತ ಮೊದಲು ಬೇಸಿಗೆಯ ನೀರನ್ನು ಲೆಕ್ಕ ಹಾಕಿರಿ. ಪ್ರತಿ ಸಸಿಗೆ ವಾರಕ್ಕೆ 10 ಲೀಟರಿನಂತೆ 100 ಸಸಿಗಳಿಗೆ 16 ವಾರಗಳಲ್ಲಿ 16,000 ಲೀಟರ್ ನೀರು ಬೇಕು. ಇದರ ಅರ್ಧದಷ್ಟೇ ಲಭ್ಯವಿದ್ದರೆ 50 ಸಸಿಗಳನ್ನು ಮಾತ್ರ ನೆಡುವುದು ಲೇಸು.

ನಾಟಿ
ಏಪ್ರಿಲ್–ಮೇ ತಿಂಗಳಲ್ಲಿ 60 ಸೆಂ.ಮೀ. ಉದ್ದ, ಅಗಲ, ಆಳದ ಗುಣಿ ತೆಗೆದು ಬಿಸಿಲಿಗೆ ಒಡ್ಡಿರಿ. ಬಳಿಕ ಮೇಲ್ಮಣ್ಣು ಮತ್ತು ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿ, ಮುಂಗಾರಿನಲ್ಲಿ ಭೂಮಿ ಚೆನ್ನಾಗಿ ನೆನೆದ ಮೇಲೆ ನಾಟಿ ಮಾಡಿರಿ. ಚೀಲದೊಳಗೆ ಬೇರು ಸುರುಳಿ ಸುತ್ತಿದ ಸಸಿಗಳನ್ನು ಕೊಳ್ಳಬೇಡಿರಿ. ಬಾರೆಯಲ್ಲಿ, ಗುಣಿಯಲ್ಲೇ ಕಾಡುಬಾರೆಯ ಬೀಜ ಬಿತ್ತಿ, ಗಿಡ ಬೆಳೆದ ನಂತರ ಅಲ್ಲಿಯೇ ಕಣ್ಣು ಕಸಿ ಮಾಡಿದರೆ ತಾಯಿಬೇರಿಗೆ ಧಕ್ಕೆಯಾಗದು. ಕಸಿಯ ಕೆಳಗಿನ ಚಿಗುರುಗಳನ್ನು ಆಗಾಗ್ಗೆ ತೆಗೆಯಿರಿ.

ಮಳೆನೀರಿನ ಬಳಕೆ
ಇಳಿಜಾರಿನಲ್ಲಿ ಸಸಿಯ ಕೆಳಬದಿಗೆ ಅರ್ಧಚಂದ್ರಾಕಾರದ ಬದು ನಿರ್ಮಿಸಿರಿ. 6 x 6 ಮೀಟರ್ ಅಂತರದಲ್ಲಿ ಒಂದು ಗಿಡದ ಪಾಲಿನ 36 ಚದರ ಮೀಟರ್ ಮೇಲೆ 10 ಮಿ.ಮೀ. ಮಳೆ ಸುರಿದರೆ 360 ಲೀಟರ್ ನೀರು ಬೀಳುತ್ತದೆ. ಅದರ ಕಾಲುಭಾಗ ಬುಡಕ್ಕೆ ಹರಿದರೂ 90 ಲೀಟರ್!

ಬೇಸಿಗೆಯ ಆರೈಕೆ
• ಸಸಿಯ ಪಕ್ಕದಲ್ಲಿ ಮಣ್ಣಿನ ಮಡಕೆಯನ್ನು ಕುತ್ತಿಗೆಯವರೆಗೆ ಹೂತು, ನೀರು ತುಂಬಿ, ಬಾಯಿ ಮುಚ್ಚಿರಿ. ನೀರು ನಿಧಾನವಾಗಿ ಜಿನುಗಿ ಬೇರಿನ ಬಳಿಯೇ ತೇವ ಉಳಿಯುತ್ತದೆ.
• ಪಾತಿಗೆ ಒಣ ಎಲೆ, ಬೆಳೆ ಉಳಿಕೆಗಳನ್ನು 8–10 ಸೆಂ.ಮೀ. ದಪ್ಪ ಹೊದಿಸಿರಿ. ಹೊದಿಕೆ ಕಾಂಡಕ್ಕೆ ತಾಗದಿರಲಿ. ಗೆದ್ದಲು ಇದೆಯೇ ಎಂದು ಗಮನಿಸಿರಿ.
• ಕಪ್ಪು ಮಣ್ಣು ಬಿರಿಯತೊಡಗಿದಾಗ ಸಾಲುಗಳ ನಡುವೆ ಮೇಲ್ಮೇಲೆ ಕುಂಟೆ ಹೊಡೆದು ಬಿರುಕು ಮುಚ್ಚಿರಿ. ಬಿರುಕಿನ ಮೂಲಕವೂ ತೇವ ಆರುತ್ತದೆ.
• ಮಳೆಗಾಲದಲ್ಲಿ ಸಾಲುಗಳ ನಡುವೆ ಹೆಸರು ಅಥವಾ ಹುರುಳಿ ಬೆಳೆಯಿರಿ. ಸಸಿಯ ಸುತ್ತ ಒಂದು ಮೀಟರ್ ಜಾಗ ಖಾಲಿ ಇರಲಿ.

ವಿಸ್ತರಣಾ ಕಾರ್ಯಕರ್ತರು ನೆಟ್ಟ ಸಸಿಗಳ ಸಂಖ್ಯೆಯೊಂದಿಗೆ ಎರಡನೆಯ ಮೇ ಅಂತ್ಯಕ್ಕೆ ಬದುಕುಳಿದ ಸಸಿಗಳ ಸಂಖ್ಯೆಯನ್ನೂ ದಾಖಲಿಸಬೇಕು. ತೋಟದ ನಿಜವಾದ ಗಾತ್ರ ತಿಳಿಯುವುದು ಅದರಿಂದಲೇ.