ಗುಡ್ಡದ ಮೇಲಿನ ಸಿಗ್ನಲ್ಲಿಗೆ ಬೀಗ ಯಾವುದು? (ಭಾಗ 4)

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರಿಗೆ ಒಂದು ಪ್ರಶ್ನೆ. ಅಜ್ಜನ ರೇಡಿಯೋಗೆ ಜಗಲಿಯಲ್ಲೇ ಭದ್ರಾವತಿ ಆಕಾಶವಾಣಿ ಸಿಗ್ತಿತ್ತು. ನಿಮ್ಮ ಫೋನಿಗೆ ಯಾಕೆ ಗುಡ್ಡ ಹತ್ತಬೇಕು?

ಎಲ್ಲಾ ಅಲೆಯ ಉದ್ದದ ಆಟ. 1965ರಲ್ಲಿ ಶುರುವಾದ ಭದ್ರಾವತಿ ಕೇಂದ್ರದ್ದು 675 ಕಿಲೋಹರ್ಟ್ಸ್, ಮಧ್ಯಮ ತರಂಗ. ಒಂದೊಂದು ಅಲೆ ಸುಮಾರು 444 ಮೀಟರ್! ಅಷ್ಟುದ್ದದ್ದು ನೆಲ ಹಿಡಿದುಕೊಂಡೇ ಗುಡ್ಡ ಬಳಸಿ ಕಣಿವೆಗೆ ಇಳಿಯುತ್ತೆ. ಮೊಬೈಲ್ ಅಲೆ ಒಂದು ಮೊಳಕ್ಕಿಂತ ಚಿಕ್ಕದು. 2.4 ಗಿಗಾಹರ್ಟ್ಸ್ ವೈಫೈ ಅಲೆ ಬರೀ ಹನ್ನೆರಡೂವರೆ ಸೆಂಟಿಮೀಟರ್. ಇವಕ್ಕೆ ಗುಡ್ಡ ಅಡ್ಡ ಬಂದ್ರೆ ಹಿಂದೆ ನೆರಳು ಬೀಳುತ್ತೆ, ಉಳಿದದ್ದನ್ನ ಮಳೆಗಾಲದ ಒದ್ದೆ ಕಾಡು ಹೀರುತ್ತೆ. ಹಾಗಂತ ಉದ್ದದ ಅಲೆಗೇ ವಾಪಸ್ ಹೋಗೋಕಾಗಲ್ಲ, ವಿಡಿಯೋ ಕ್ಲಾಸ್ ಹೊರುವಷ್ಟು ಜಾಗ ಅದರಲ್ಲಿಲ್ಲ. ಟವರ್‌ಗಳೇ ಹತ್ತಿರ ಹತ್ತಿರ ಬೇಕು. ನಾಲ್ಕು ಮನೆಯ ಊರಿಗೆ ಟವರ್ ಹಾಕಿದ್ರೆ ಕಂಪನಿಗೆ ಗಿಟ್ಟಲ್ಲ. ಲಾಕ್‌ಡೌನಲ್ಲಿ ಮಕ್ಕಳು ಗುಡ್ಡದ ಮೇಲೆ ಛತ್ರಿ ಹಿಡಿದು ಪಾಠ ಕೇಳಿದ್ದು, 2021ರಲ್ಲಿ ನಮ್ಮ ಮಲೆನಾಡಲ್ಲಿ ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಅಂತ ಜನ ಎದ್ದಿದ್ದು ಇದಕ್ಕೇ.

ಇಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನ ನಾವು ಹಂಚ್ಕೊಳ್ತೀವಿ. ಒಬ್ಬರ ಹಾಟ್‌ಸ್ಪಾಟ್, ಪಾಸ್‌ವರ್ಡ್ ಇಲ್ದೆ, ಗುಡ್ಡದಲ್ಲಿ ಕೂತ ಎಲ್ಲರಿಗೂ. ಒಳ್ಳೇ ಗುಣವೇ. ಆದ್ರೆ ಅಲೆ ‘ಇದು ಯಾರಿಗೆ’ ಅಂತ ನೋಡ್ಕೊಂಡು ಹೋಗಲ್ಲ, ಸುತ್ತ ಎಲ್ಲ ಕಡೆ ಹರಡುತ್ತೆ. ಹಿಡಿಯೋಕೆ ಗೊತ್ತಿರೋರು ಯಾರು ಬೇಕಾದ್ರೂ ಹಿಡೀಬಹುದು. ಆದ್ದರಿಂದ ಒಳಗಿನ ಮಾತನ್ನೇ ಗುಟ್ಟಿನ ಲಿಪಿ ಮಾಡಿ ಕಳಿಸಬೇಕು.

ವೈಫೈಗೆ 1997ರಲ್ಲಿ ಬಂದ ಮೊದಲ ಬೀಗ ಡಬ್ಲ್ಯೂಇಪಿ. ಹೆಸರಿಗಷ್ಟೇ ಬೀಗ ಅನ್ನಿ. ಸಾಕಷ್ಟು ಹೊತ್ತು ಅಲೆ ಕೇಳಿಸಿಕೊಂಡು ಲೆಕ್ಕ ಹಾಕಿದ್ರೆ ಕೀಲಿಯೇ ಸಿಗುತ್ತೆ ಅಂತ 2001ರಲ್ಲಿ ಫ್ಲೂರರ್, ಮ್ಯಾಂಟಿನ್, ಶಮೀರ್ ತೋರಿಸಿದ್ರು. 2004ರಲ್ಲಿ ಡಬ್ಲ್ಯೂಪಿಎ2 ಬಂತು. ಅದೇನೋ ಗಟ್ಟಿ, ಆದ್ರೆ ಪಾಸ್‌ವರ್ಡ್ ಊರಿಗೆಲ್ಲ ಗೊತ್ತಿದ್ರೆ ಒಬ್ಬರ ಮಾತು ಇನ್ನೊಬ್ಬರು ಕದ್ದು ಕೇಳೋ ದಾರಿ ಇತ್ತು. 2018ರ ಡಬ್ಲ್ಯೂಪಿಎ3 ಅದನ್ನ ಮುಚ್ಚಿತು.

ಕದ್ದು ಕೇಳೋದಕ್ಕಿಂತ ದೊಡ್ಡ ತಲೆನೋವು ಬೇರೆ ಇದೆ. 2008ರ ಜುಲೈನಲ್ಲಿ ಅಹಮದಾಬಾದ್ ಸ್ಫೋಟದ ಇಮೇಲ್ ಹೋಗಿದ್ದು ನವಿ ಮುಂಬೈಯ ಯಾರದೋ ಮನೆಯ ವೈಫೈಯಿಂದ. ಕಳಿಸಿದವರು ಬೇರೆ, ಪೊಲೀಸರು ಮೊದಲು ಬಾಗಿಲು ತಟ್ಟಿದ್ದು ಆ ಮನೆಯದ್ದು! ನಿಮ್ಮ ಹಾಟ್‌ಸ್ಪಾಟಿಂದ ಯಾರು ಏನೇ ಕಳಿಸಿದ್ರೂ ಆಚೆ ಕಾಣೋದು ನಿಮ್ಮ ಸಿಮ್ಮಿನ ಲೆಕ್ಕವೇ.

ಇವತ್ತೇ ಹಾಟ್‌ಸ್ಪಾಟ್ ಸೆಟ್ಟಿಂಗ್ ತೆಗೆದು ನೋಡಿ. ‘ಓಪನ್’ ಅಂತಿದ್ರೆ ಬದಲಾಯಿಸಿ, ಡಬ್ಲ್ಯೂಪಿಎ3 ಇದ್ರೆ ಅದನ್ನೇ ಆರಿಸಿ. ಪಾಸ್‌ವರ್ಡ್ ಫೋನ್ ನಂಬರ್ ಆಗಿರೋದು ಬೇಡ. ಪಕ್ಕದಲ್ಲಿ ಕೂತವರಿಗೆ ಧಾರಾಳವಾಗಿ ಕೊಡಿ, ಗುಡ್ಡ ಇಳಿದ ಮೇಲೆ ಬದಲಾಯಿಸಿ.