ಭಾರತದಲ್ಲಿ ಶಾಲಾಪೂರ್ವ ಶಿಕ್ಷಣದ ಸರ್ಕಾರಿ ಸಮನ್ವಯ

ಶಾಲಾಪೂರ್ವ ಶಿಕ್ಷಣದ ಸಮನ್ವಯ ಎಂದರೆ ಮೂರರಿಂದ ಆರು ವರ್ಷದೊಳಗಿನ ಮಕ್ಕಳ ಕಲಿಕೆ, ಪೋಷಣೆ ಮತ್ತು ಆರೋಗ್ಯದ ಹೊಣೆ ಹೊತ್ತ ಸರ್ಕಾರಿ ಇಲಾಖೆಗಳು ಒಂದೇ ಗುರಿಯಿಟ್ಟು ಜೊತೆಗೂಡಿ ಕೆಲಸ ಮಾಡುವ ವ್ಯವಸ್ಥೆಯಾಗಿದೆ. ಭಾರತದಲ್ಲಿ ಅಂಗನವಾಡಿಗಳು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧೀನದಲ್ಲಿದ್ದರೆ, ಒಂದನೇ ತರಗತಿ ಹಾಗೂ ಸರ್ಕಾರಿ ಶಾಲೆಗಳ ಪೂರ್ವ ಪ್ರಾಥಮಿಕ ತರಗತಿಗಳು ಶಿಕ್ಷಣ ಇಲಾಖೆಗೆ ಸೇರಿವೆ. ಲಸಿಕೆ ಹಾಗೂ ಆರೋಗ್ಯ ತಪಾಸಣೆ ಆರೋಗ್ಯ ಇಲಾಖೆಯ ಹೊಣೆ. ಹೀಗಾಗಿ ಮಗು ಅಂಗನವಾಡಿಯಿಂದ ಶಾಲೆಗೆ ಹೋಗುವಾಗ ಒಂದು ಇಲಾಖೆಯ ಕೈಯಿಂದ ಇನ್ನೊಂದರ ಕೈಗೆ ಹೋಗುತ್ತದೆ. ಈ ಹಸ್ತಾಂತರ ಸುಗಮವಾಗುವುದೇ ಸಮನ್ವಯದ ಮುಖ್ಯ ಉದ್ದೇಶ.

ಶಾಲಾ ಸಿದ್ಧತೆಯ ಪರಿಕಲ್ಪನೆ

ಒಂದನೇ ತರಗತಿಯ ಕಲಿಕೆಯನ್ನು ಗ್ರಹಿಸಲು ಮಗುವಿಗೆ ಬೇಕಾದ ಸಾಮರ್ಥ್ಯಗಳನ್ನು ಒಟ್ಟಾಗಿ ಶಾಲಾ ಸಿದ್ಧತೆ ಎಂದು ಕರೆಯಲಾಗುತ್ತದೆ. ಅಕ್ಷರಮಾಲೆ ಬರೆಯುವುದು, ಅಂಕಿಗಳನ್ನು ಬಾಯಿಪಾಠ ಒಪ್ಪಿಸುವುದು ಇದರ ಮುಖ್ಯ ಲಕ್ಷಣವಲ್ಲ. ಕೇಳಿದ ಕಥೆಯನ್ನು ಅರ್ಥಮಾಡಿಕೊಂಡು ತನ್ನ ಮಾತಿನಲ್ಲಿ ಹೇಳುವುದು, ಪದಗಳಲ್ಲಿನ ಧ್ವನಿಗಳನ್ನು ಗುರುತಿಸುವುದು, ವಸ್ತುಗಳನ್ನು ಗಾತ್ರ ಮತ್ತು ಬಣ್ಣಕ್ಕೆ ಅನುಗುಣವಾಗಿ ಜೋಡಿಸುವುದು, ಬೆರಳುಗಳನ್ನು ಹಿಡಿತದಿಂದ ಬಳಸುವುದು, ಇತರ ಮಕ್ಕಳೊಂದಿಗೆ ಹೊಂದಿಕೊಂಡು ಆಡುವುದು ಮೊದಲಾದವು ಇದರಲ್ಲಿ ಸೇರಿವೆ. ಮಗುವಿನ ಜೊತೆಗೆ ಕುಟುಂಬ ಮತ್ತು ಶಾಲೆಯೂ ಸಿದ್ಧವಾಗಿರಬೇಕು ಎಂಬುದು ಈ ಪರಿಕಲ್ಪನೆಯ ಇನ್ನೊಂದು ಭಾಗ. ಮಗುವಿನ ಮನೆಮಾತನ್ನು ಒಪ್ಪಿಕೊಳ್ಳದ, ಮೊದಲ ದಿನದಿಂದಲೇ ಬರವಣಿಗೆಯನ್ನು ಹೇರುವ ಶಾಲೆಯು ಮಗುವಿಗೆ ಸಿದ್ಧವಾಗಿಲ್ಲವೆಂದೇ ಅರ್ಥ.

ಹಿನ್ನೆಲೆ

ಭಾರತದಲ್ಲಿ ಶಿಶು ಶಿಕ್ಷಣವು ಆರಂಭದಲ್ಲಿ ಸ್ವಯಂಸೇವಾ ಸಂಸ್ಥೆಗಳ ಕಾರ್ಯವಾಗಿತ್ತು. ಗಿಜುಭಾಯಿ ಬಧೇಕಾ ಅವರು 1920ರಲ್ಲಿ ಗುಜರಾತಿನ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಅವರೊಂದಿಗೆ ದುಡಿದ ತಾರಾಬಾಯಿ ಮೋಡಕ್ ಅವರು ಮುಂದೆ ಮಹಾರಾಷ್ಟ್ರದ ಗ್ರಾಮೀಣ ಹಾಗೂ ಆದಿವಾಸಿ ಪ್ರದೇಶಗಳಲ್ಲಿ ಅನುತಾಯಿ ವಾಘ್ ಅವರ ಜೊತೆಗೂಡಿ ಬಾಲವಾಡಿಗಳನ್ನು ನಡೆಸಿದರು. ಶಾಲೆಗೆ ಬರಲಾಗದ ಮಕ್ಕಳಿದ್ದಲ್ಲಿಗೇ ಹೋಗಿ, ಮನೆಯಂಗಳದಲ್ಲಿ ಅವರನ್ನು ಕೂಡಿಸಿ ಕಲಿಸುವ ಪದ್ಧತಿ ಅವರ ಪ್ರಯೋಗಗಳಿಂದ ಬೆಳೆಯಿತು.

ಕೇಂದ್ರ ಸರ್ಕಾರವು 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ದೇಶದ 33 ಕಡೆಗಳಲ್ಲಿ ಪ್ರಾಯೋಗಿಕವಾಗಿ ಜಾರಿಗೆ ತಂದಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ತಿ. ನರಸೀಪುರದಲ್ಲಿ ಇದು ಮೊದಲು ಆರಂಭವಾಯಿತು. ಪೂರಕ ಪೌಷ್ಟಿಕ ಆಹಾರ, ಚುಚ್ಚುಮದ್ದು, ಆರೋಗ್ಯ ತಪಾಸಣೆ, ಮೇಲಿನ ಆಸ್ಪತ್ರೆಗೆ ಕಳುಹಿಸುವ ಸೇವೆ, ಪೌಷ್ಟಿಕತೆ ಮತ್ತು ಆರೋಗ್ಯ ಶಿಕ್ಷಣ ಹಾಗೂ ಅನೌಪಚಾರಿಕ ಶಾಲಾಪೂರ್ವ ಶಿಕ್ಷಣ ಎಂಬ ಆರು ಸೇವೆಗಳನ್ನು ಒಂದೇ ಕೇಂದ್ರದಲ್ಲಿ ಒದಗಿಸುವುದು ಯೋಜನೆಯ ಸ್ವರೂಪವಾಗಿತ್ತು. ಆಹಾರದ ಹಕ್ಕಿಗೆ ಸಂಬಂಧಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2001ರಲ್ಲಿ ಈ ಸೇವೆಗಳನ್ನು ಎಲ್ಲ ಮಕ್ಕಳಿಗೂ ವಿಸ್ತರಿಸುವಂತೆ ಆದೇಶಿಸಿತು. 2006ರ ಡಿಸೆಂಬರ್‌ನಲ್ಲಿ, 14 ಲಕ್ಷ ಅಂಗನವಾಡಿಗಳನ್ನು ಸ್ಥಾಪಿಸಬೇಕೆಂದು ಗಡುವು ನಿಗದಿಪಡಿಸಿತು.

1985ರಲ್ಲಿ ರಚನೆಯಾದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯು ಮೊದಲಿಗೆ ಮಾನವ ಸಂಪನ್ಮೂಲ ಅಭಿವೃದ್ಧಿ ಸಚಿವಾಲಯದ ಭಾಗವಾಗಿತ್ತು. 2006ರ ಜನವರಿ 30ರಂದು ಅದು ಪ್ರತ್ಯೇಕ ಸಚಿವಾಲಯವಾಯಿತು. ಅಲ್ಲಿಯವರೆಗೆ ಒಂದೇ ಸಚಿವಾಲಯದಲ್ಲಿದ್ದ ಅಂಗನವಾಡಿ ಮತ್ತು ಶಾಲೆಗಳ ಆಡಳಿತ ಆಗ ಬೇರ್ಪಟ್ಟಿತು.

ಕಾನೂನಿನ ಚೌಕಟ್ಟು

ಸಂವಿಧಾನದ 86ನೇ ತಿದ್ದುಪಡಿಯು (2002) ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು 21ಎ ವಿಧಿಯ ಮೂಲಕ ಮೂಲಭೂತ ಹಕ್ಕನ್ನಾಗಿಸಿತು. ಆರು ವರ್ಷದೊಳಗಿನ ಮಕ್ಕಳ ಆರೈಕೆ ಮತ್ತು ಶಿಕ್ಷಣವನ್ನು 45ನೇ ವಿಧಿಯಲ್ಲಿ, ಅಂದರೆ ರಾಜ್ಯನೀತಿಯ ನಿರ್ದೇಶಕ ತತ್ವಗಳಲ್ಲಿ ಉಳಿಸಲಾಯಿತು. ನಿರ್ದೇಶಕ ತತ್ವಗಳ ಜಾರಿಗಾಗಿ ನ್ಯಾಯಾಲಯದ ಮೊರೆ ಹೋಗಲು ಅವಕಾಶವಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ (2009) 11ನೇ ಪ್ರಕರಣವು ಮೂರು ವರ್ಷ ಮೇಲ್ಪಟ್ಟ ಮಕ್ಕಳಿಗೆ ಸರ್ಕಾರವು ಉಚಿತ ಶಾಲಾಪೂರ್ವ ಶಿಕ್ಷಣದ ವ್ಯವಸ್ಥೆ ‘ಮಾಡಬಹುದು’ ಎನ್ನುತ್ತದೆಯೇ ಹೊರತು ‘ಮಾಡತಕ್ಕದ್ದು’ ಎಂದು ಕಡ್ಡಾಯಗೊಳಿಸುವುದಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು (2013) ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳಿಗೆ ಅಂಗನವಾಡಿಯಲ್ಲಿ ಆಹಾರ ಪಡೆಯುವ ಹಕ್ಕನ್ನು ನೀಡಿದೆ. ಹೀಗಾಗಿ ನಾಲ್ಕು ವರ್ಷದ ಮಗುವಿಗೆ ಊಟ ಕಾನೂನಿನ ಹಕ್ಕಾಗಿದ್ದರೂ ಕಲಿಕೆ ಇನ್ನೂ ಹಕ್ಕಾಗಿಲ್ಲ.

ರಾಷ್ಟ್ರೀಯ ಕಾರ್ಯಕ್ರಮಗಳು

2013ರಲ್ಲಿ ಆರಂಭಿಕ ಬಾಲ್ಯದ ಆರೈಕೆ ಮತ್ತು ಶಿಕ್ಷಣದ ರಾಷ್ಟ್ರೀಯ ನೀತಿ ಪ್ರಕಟವಾಯಿತು. 2018ರ ಸಮಗ್ರ ಶಿಕ್ಷಣ ಯೋಜನೆಯು ಶಾಲಾಪೂರ್ವ ಹಂತದಿಂದ 12ನೇ ತರಗತಿಯವರೆಗಿನ ಶಿಕ್ಷಣವನ್ನು ಒಂದೇ ನಿರಂತರ ವ್ಯವಸ್ಥೆಯೆಂದು ಪರಿಗಣಿಸಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಮೂರರಿಂದ ಎಂಟು ವರ್ಷದ ಅವಧಿಯನ್ನು ‘ಬುನಾದಿ ಹಂತ’ವೆಂದು ಗುರುತಿಸಿ, ಶಾಲಾಪೂರ್ವದ ಮೂರು ವರ್ಷಗಳನ್ನೂ ಒಂದು ಮತ್ತು ಎರಡನೇ ತರಗತಿಗಳನ್ನೂ ಒಟ್ಟುಗೂಡಿಸಿತು. ಸ್ವತಂತ್ರ ಅಂಗನವಾಡಿ, ಶಾಲೆಯ ಆವರಣದಲ್ಲಿರುವ ಅಂಗನವಾಡಿ, ಶಾಲೆಗೆ ಸೇರಿದ ಪೂರ್ವ ಪ್ರಾಥಮಿಕ ವಿಭಾಗ ಹಾಗೂ ಸ್ವತಂತ್ರ ಶಿಶುವಿಹಾರ ಎಂಬ ನಾಲ್ಕು ಮಾದರಿಗಳಿಗೆ ನೀತಿಯು ಅವಕಾಶ ನೀಡಿದೆ. ಶಿಕ್ಷಣ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಆರೋಗ್ಯ ಹಾಗೂ ಬುಡಕಟ್ಟು ವ್ಯವಹಾರಗಳ ಸಚಿವಾಲಯಗಳು ಜಂಟಿಯಾಗಿ ಯೋಜನೆ ರೂಪಿಸಬೇಕೆಂದೂ ಅದು ಸೂಚಿಸಿದೆ.

ಈ ನೀತಿಯ ಮುಂದುವರಿಕೆಯಾಗಿ ಆರಂಭವಾದ ಪ್ರಮುಖ ಕಾರ್ಯಕ್ರಮಗಳು ಹೀಗಿವೆ:

- ನಿಪುಣ್ ಭಾರತ್ (ಜುಲೈ 2021): ಮೂರನೇ ತರಗತಿ ಮುಗಿಯುವಷ್ಟರಲ್ಲಿ ಎಲ್ಲ ಮಕ್ಕಳಿಗೂ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನ ಒದಗಿಸುವ ಅಭಿಯಾನ. ಗುರಿಯ ವರ್ಷ 2026-27.
- ವಿದ್ಯಾ ಪ್ರವೇಶ (ಜುಲೈ 2021): ಒಂದನೇ ತರಗತಿಗೆ ಸೇರಿದ ಮಕ್ಕಳಿಗೆ ಮೊದಲ ಮೂರು ತಿಂಗಳು ಆಟದ ಮೂಲಕ ನಡೆಸುವ ಸಿದ್ಧತಾ ಕಾರ್ಯಕ್ರಮ.
- ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು (ಅಕ್ಟೋಬರ್ 2022): ಕೆ. ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಸಮಿತಿಯ ಮಾರ್ಗದರ್ಶನದಲ್ಲಿ ಸಿದ್ಧವಾದ ದಾಖಲೆ.
- ಪೋಷಣ್ ಭೀ ಪಢಾಯಿ ಭೀ (ಮೇ 2023): ಪೋಷಣೆಯೊಂದಿಗೆ ಕಲಿಕೆಗೂ ಒತ್ತು ನೀಡಲು ಅಂಗನವಾಡಿ ಕಾರ್ಯಕರ್ತೆಯರಿಗೆ ತರಬೇತಿ.
- ಆಧಾರಶಿಲಾ (2024): ಮೂರರಿಂದ ಆರು ವರ್ಷದ ಮಕ್ಕಳಿಗಾಗಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಪ್ರಕಟಿಸಿದ ರಾಷ್ಟ್ರೀಯ ಪಠ್ಯಕ್ರಮ.

ಆಡಳಿತದ ರಚನೆ

ಕರ್ನಾಟಕದಲ್ಲಿ ಅಂಗನವಾಡಿಯ ಕಾರ್ಯಕರ್ತೆ ಮತ್ತು ಸಹಾಯಕಿಯರ ಮೇಲೆ ವೃತ್ತ ಮಟ್ಟದ ಮೇಲ್ವಿಚಾರಕಿ, ಅವರ ಮೇಲೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಇರುತ್ತಾರೆ. ಶಾಲೆಗಳ ಉಸ್ತುವಾರಿ ಕ್ಷೇತ್ರ ಶಿಕ್ಷಣಾಧಿಕಾರಿಯದು. ಎರಡೂ ಸರಣಿಗಳು ಜಿಲ್ಲಾ ಪಂಚಾಯಿತಿ ಮತ್ತು ಜಿಲ್ಲಾಡಳಿತದ ಮಟ್ಟದಲ್ಲಿ ಸಂಧಿಸುತ್ತವೆ. ಅಂಗನವಾಡಿ ಮಕ್ಕಳ ವಿವರ ‘ಪೋಷಣ್ ಟ್ರ್ಯಾಕರ್’ ಆ್ಯಪ್‌ನಲ್ಲಿಯೂ ಶಾಲಾ ಮಕ್ಕಳ ವಿವರ ‘ಯುಡೈಸ್ ಪ್ಲಸ್’ ವ್ಯವಸ್ಥೆಯಲ್ಲಿಯೂ ದಾಖಲಾಗುತ್ತದೆ. ಆಹಾರದ ಅನುದಾನವೂ ಎರಡು ದಾರಿಗಳಲ್ಲಿ ಬರುತ್ತದೆ. ಅಂಗನವಾಡಿಗೆ ‘ಸಕ್ಷಮ್ ಅಂಗನವಾಡಿ ಮತ್ತು ಪೋಷಣ್ 2.0’ ಯೋಜನೆಯಿಂದ, ಸರ್ಕಾರಿ ಶಾಲೆಯ ಪೂರ್ವ ಪ್ರಾಥಮಿಕ ಮಕ್ಕಳಿಗೆ ‘ಪಿಎಂ ಪೋಷಣ್’ ಬಿಸಿಯೂಟ ಯೋಜನೆಯಿಂದ ಅನುದಾನ ದೊರೆಯುತ್ತದೆ. ಅಂಗನವಾಡಿಗಳನ್ನು ಶಾಲೆಗಳ ಆವರಣಕ್ಕೆ ತರುವ ಕುರಿತು ಎರಡೂ ಸಚಿವಾಲಯಗಳು 2025ರ ಸೆಪ್ಟೆಂಬರ್‌ನಲ್ಲಿ ಜಂಟಿ ಮಾರ್ಗಸೂಚಿ ಹೊರಡಿಸಿದವು.

ಕರ್ನಾಟಕದಲ್ಲಿ ವಿವಾದ ಮತ್ತು ಬೆಳವಣಿಗೆ

ರಾಜ್ಯದಲ್ಲಿ 65,000ಕ್ಕೂ ಹೆಚ್ಚು ಅಂಗನವಾಡಿಗಳಿವೆ. ಖಾಸಗಿ ಶಾಲೆಗಳ ಎಲ್‌ಕೆಜಿ, ಯುಕೆಜಿಗಳತ್ತ ಪೋಷಕರ ಒಲವು ಹೆಚ್ಚಿದಂತೆ ಸರ್ಕಾರಿ ಶಾಲೆಗಳ ಒಂದನೇ ತರಗತಿಯ ದಾಖಲಾತಿಗೂ ಪೆಟ್ಟು ಬಿತ್ತು. ಇದನ್ನು ತಡೆಯಲು ಶಿಕ್ಷಣ ಇಲಾಖೆಯು ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಪೂರ್ವ ಪ್ರಾಥಮಿಕ ತರಗತಿಗಳನ್ನು ತೆರೆಯಿತು. 2024ರಲ್ಲಿ ಕಲ್ಯಾಣ ಕರ್ನಾಟಕದ ಸುಮಾರು ಒಂದು ಸಾವಿರ ಸರ್ಕಾರಿ ಶಾಲೆಗಳಿಗೆ ಇದನ್ನು ವಿಸ್ತರಿಸಲು ಮುಂದಾದಾಗ ಅಂಗನವಾಡಿ ಕಾರ್ಯಕರ್ತೆಯರು ಪ್ರತಿಭಟನೆ ನಡೆಸಿದರು. ನಾಲ್ಕು ಮತ್ತು ಐದು ವರ್ಷದ ಮಕ್ಕಳು ಶಾಲೆಗೆ ಹೋದರೆ ಅಂಗನವಾಡಿಗಳು ಬರಿದಾಗಿ ಕ್ರಮೇಣ ಮುಚ್ಚಿಹೋಗುತ್ತವೆ ಎಂಬುದು ಅವರ ಆತಂಕವಾಗಿತ್ತು. ಆ ನಂತರ ಆಯ್ದ ಅಂಗನವಾಡಿಗಳಲ್ಲಿಯೇ ಎಲ್‌ಕೆಜಿ ಮತ್ತು ಯುಕೆಜಿ ನಡೆಸಲು ಸರ್ಕಾರ ನಿರ್ಧರಿಸಿತು. ‘ಸರ್ಕಾರಿ ಮಾಂಟೆಸ್ಸರಿ’ ಹೆಸರಿನ ಈ ತರಗತಿಗಳು 2024ರ ಜುಲೈನಲ್ಲಿ ಆರಂಭವಾದವು. ಹೀಗೆ ಒಂದೇ ವಯಸ್ಸಿನ ಮಕ್ಕಳಿಗೆ ಎರಡು ಇಲಾಖೆಗಳು ಒಂದೇ ಹೆಸರಿನ ತರಗತಿಗಳನ್ನು ಪ್ರತ್ಯೇಕವಾಗಿ ನಡೆಸುವ ಸ್ಥಿತಿ ಉಂಟಾಯಿತು.

ಒಂದನೇ ತರಗತಿಯ ವಯೋಮಿತಿ

ಒಂದನೇ ತರಗತಿಗೆ ಸೇರುವ ಮಗುವಿಗೆ ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕೆಂದು ಕರ್ನಾಟಕ ಸರ್ಕಾರ 2022ರಲ್ಲಿ ಆದೇಶಿಸಿತು. ಆಗಾಗಲೇ ಎಲ್‌ಕೆಜಿಗೆ ಸೇರಿದ್ದ ಮಕ್ಕಳಿಗೆ ತೊಂದರೆಯಾಗದಂತೆ ಇದರ ಜಾರಿಯನ್ನು 2025-26ನೇ ಸಾಲಿಗೆ ಮುಂದೂಡಲಾಯಿತು. ಪೋಷಕರ ಒತ್ತಾಯದ ಮೇರೆಗೆ 2025ರ ಏಪ್ರಿಲ್‌ನಲ್ಲಿ ಆ ಒಂದು ವರ್ಷಕ್ಕೆ ಮಾತ್ರ ಕನಿಷ್ಠ ವಯಸ್ಸನ್ನು 5 ವರ್ಷ 5 ತಿಂಗಳಿಗೆ ಇಳಿಸಲಾಯಿತು. ಈ ಸಡಿಲಿಕೆಗೆ ಯುಕೆಜಿ ಪೂರೈಸಿರಬೇಕೆಂಬ ಷರತ್ತು ಇತ್ತು. ಶಾಲಾಪೂರ್ವ ಶಿಕ್ಷಣವು ಕಾನೂನಿನಲ್ಲಿ ಕಡ್ಡಾಯವಲ್ಲದಿದ್ದರೂ ಪ್ರವೇಶದ ಅರ್ಹತೆಯಾಗಿ ಬಳಕೆಗೆ ಬಂದುದಕ್ಕೆ ಇದು ಉದಾಹರಣೆ.

ಅಧ್ಯಯನಗಳು

ಅಸ್ಸಾಂ, ರಾಜಸ್ಥಾನ ಮತ್ತು ತೆಲಂಗಾಣಗಳಲ್ಲಿ ಸುಮಾರು 14,000 ಮಕ್ಕಳನ್ನು ನಾಲ್ಕರಿಂದ ಎಂಟನೇ ವಯಸ್ಸಿನವರೆಗೆ ಗಮನಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದ ಕೇಂದ್ರ, ಅಸರ್ ಕೇಂದ್ರ ಹಾಗೂ ಯುನಿಸೆಫ್ ಇದರಲ್ಲಿ ಪಾಲ್ಗೊಂಡಿದ್ದವು. ಐದನೇ ವಯಸ್ಸಿನಲ್ಲಿ ಬಹುಪಾಲು ಮಕ್ಕಳ ಶಾಲಾ ಸಿದ್ಧತೆ ನಿರೀಕ್ಷೆಗಿಂತ ಕೆಳಮಟ್ಟದಲ್ಲಿತ್ತು. ಆ ವಯಸ್ಸಿನಲ್ಲಿ ಹೆಚ್ಚು ಸಿದ್ಧತೆ ಹೊಂದಿದ್ದ ಮಕ್ಕಳು ಮುಂದಿನ ತರಗತಿಗಳಲ್ಲಿಯೂ ಉತ್ತಮವಾಗಿ ಕಲಿತರು. ಅನೇಕ ಮಕ್ಕಳು ಅಂಗನವಾಡಿ, ಖಾಸಗಿ ಶಿಶುವಿಹಾರ ಮತ್ತು ಶಾಲೆಗಳ ನಡುವೆ ನಿಶ್ಚಿತ ಕ್ರಮವಿಲ್ಲದೆ ಬದಲಾಗುತ್ತಿದ್ದುದೂ ಕಂಡುಬಂತು.

ಸವಾಲುಗಳು

ಅಂಗನವಾಡಿ ಕಾರ್ಯಕರ್ತೆಯು ಶಿಕ್ಷಕಿಯ ಕೆಲಸದೊಂದಿಗೆ ಆಹಾರ ವಿತರಣೆ, ಮಕ್ಕಳ ತೂಕ ಮತ್ತು ಎತ್ತರದ ದಾಖಲೆ, ಗರ್ಭಿಣಿ ಹಾಗೂ ಬಾಣಂತಿಯರ ಮನೆಭೇಟಿ, ಸಮೀಕ್ಷೆ ಮುಂತಾದವನ್ನೂ ನಿರ್ವಹಿಸುತ್ತಾರೆ. ಅವರಿಗೆ ದೊರೆಯುವುದು ವೇತನವಲ್ಲ, ಗೌರವಧನ. ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಉಪದಾನಕ್ಕೆ ಅರ್ಹರೆಂದು ಸರ್ವೋಚ್ಚ ನ್ಯಾಯಾಲಯ 2022ರ ಏಪ್ರಿಲ್‌ನಲ್ಲಿ ತೀರ್ಪು ನೀಡಿತು. ಒಂದೇ ಕೋಣೆಯಲ್ಲಿ ಮೂರರಿಂದ ಆರು ವರ್ಷದ ಮಕ್ಕಳೆಲ್ಲರಿಗೂ ಒಬ್ಬರೇ ಕಲಿಸಬೇಕಾಗಿರುವುದು ಮತ್ತೊಂದು ತೊಡಕು.

ಮೂರು ವರ್ಷದೊಳಗಿನ ಮಕ್ಕಳು ಹಾಗೂ ತಾಯಂದಿರ ಸೇವೆಗಳೂ ಇದೇ ಕೇಂದ್ರವನ್ನು ಅವಲಂಬಿಸಿರುವುದರಿಂದ, ದೊಡ್ಡ ಮಕ್ಕಳು ಶಾಲೆಗೆ ವರ್ಗಾವಣೆಯಾದರೂ ಅಂಗನವಾಡಿಯ ಅಗತ್ಯ ಕೊನೆಗೊಳ್ಳುವುದಿಲ್ಲ. ಅಂಗನವಾಡಿಯನ್ನು ದೂರದ ಶಾಲೆಯ ಆವರಣಕ್ಕೆ ಸ್ಥಳಾಂತರಿಸಿದರೆ ಹಾಡಿ, ತಾಂಡಾ ಮತ್ತು ಕೊಳೆಗೇರಿಗಳ ಪುಟ್ಟ ಮಕ್ಕಳು ಅಲ್ಲಿಗೆ ತಲುಪುವುದು ಕಷ್ಟವಾಗುತ್ತದೆ. ಖಾಸಗಿ ಶಿಶುವಿಹಾರಗಳ ಮೇಲ್ವಿಚಾರಣೆಯ ಹೊಣೆಯನ್ನು ಸ್ಪಷ್ಟಪಡಿಸುವುದು, ಎರಡು ಇಲಾಖೆಗಳ ಪಠ್ಯಕ್ರಮಗಳನ್ನು ಹೊಂದಿಸುವುದು, ಮಗು ಶಾಲೆಗೆ ಸೇರುವಾಗ ಅದರ ಪೋಷಣೆ ಮತ್ತು ಕಲಿಕೆಯ ದಾಖಲೆಗಳನ್ನು ಒಂದನೇ ತರಗತಿಯ ಶಿಕ್ಷಕರಿಗೆ ತಲುಪಿಸುವುದು ಈ ಕ್ಷೇತ್ರದಲ್ಲಿ ಆಗಬೇಕಾದ ಮುಖ್ಯ ಕಾರ್ಯಗಳಾಗಿವೆ.